ಬಲಗಡೆಯ ಅಂಚು ಸ್ವಲ್ಪ ಅಗಲ

ಮಗಳು ಶಾಲೆಯ ಚಿತ್ರಸ್ಪರ್ಧೆಗೆ ಹೆಸರು ಕೊಟ್ಟಳು. ಅಪ್ಪ ಹೊಸ ಅಂಗಿ ಹೊಲಿಸಿಕೊಂಡ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದವರ ಬುದ್ಧಿಯ ಬಗ್ಗೆ ಅವನಿಗೆ ಮರುಕವೇ ಹುಟ್ಟುತ್ತಿತ್ತು.

“ಸ್ಪರ್ಧೆಯ ವಿಷಯ ಏನು ಗೊತ್ತೇನ್ರೀ? ‘ಯಾರ ಹತ್ತಿರ ಇದ್ದರೆ ನನ್ನ ಮನಸ್ಸು ಹಗುರ.’ ಯಾವ ಮಗೂನೂ ನಾನು ಹೊರಗಿನವಳು, ನನಗೆ ಯಾರೂ ಇಲ್ಲ ಅಂತ ಒಳಗೊಳಗೇ ಕೊರಗಬಾರದು, ಮಕ್ಕಳ ಮನಸ್ಸು ಆರೋಗ್ಯವಾಗಿರಬೇಕು ಅಂತ ಮಾಡಿರೋದು. ಈಗ ನೀವೇ ಹೇಳಿ, ನನ್ನ ಮಗಳು ಯಾರನ್ನ ಬರೀತಾಳೆ? ದಾರೀಲಿ ಹೋಗೋ ದಾನಯ್ಯನ್ನ ಬರೀತಾಳಾ?”

ಪಟಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಮದುವೆಯ ಫೋಟೊ, ತೀರಿಕೊಂಡವರ ಫೋಟೊ, ದೇವರ ಪಟ, ಪದವಿಯ ಸರ್ಟಿಫಿಕೇಟು, ಏನೇ ಬರಲಿ, ಮರದ ಪಟ್ಟಿ ಕೊಯ್ದು, ಮೂಲೆ ಕೂಡಿಸಿ, ಗಾಜು ಕೂರಿಸಿ, ಬೆನ್ನಿಗೆ ಸಣ್ಣ ಮೊಳೆ ಹೊಡೆದು ಕೊಡುತ್ತಿದ್ದ. ಹೀಗಾಗಿ ಬೀದಿಗೆಲ್ಲ ಅವನು ಫ್ರೇಮಣ್ಣ. ಕೆಲಸದ ಹೊತ್ತಿನಲ್ಲಿ ಆ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದುದರಿಂದ ಅವನ ಮುಖಕ್ಕೆ ತೀರ್ಪು ಓದಲು ಕುಳಿತ ನ್ಯಾಯಾಧೀಶರ ಗಾಂಭೀರ್ಯ. ಅಂಗಡಿಯ ಗೋಡೆ ತುಂಬ ನೇತಾಡುವ ಕನ್ನಡಿಗಳಲ್ಲಿ ದಿನವೂ ಆ ಮುಖವನ್ನೇ ನೋಡಿ ನೋಡಿ, ಭಗವಂತ ತನಗೆ ಕೊಟ್ಟ ಮುಖ ಇದೊಂದೇ ಎಂದು ಅವನು ನಂಬಿದ್ದ. ಒಮ್ಮೆ ನಂಬಿದ್ದನ್ನು ಸುಲಭಕ್ಕೆ ಬಿಡುವ ಕುಲವೂ ಅವನದಲ್ಲ.

ಹೊಸ ಅಂಗಿಯ ಬಣ್ಣ ನೀಲಿ. ಮಗಳು ಪುಟ್ಟಿ ಬಣ್ಣದ ಡಬ್ಬಿ ಹರಡಿಕೊಂಡು ಕುಳಿತಳೆಂದರೆ ಫ್ರೇಮಣ್ಣ ಆ ಅಂಗಿ ತೊಟ್ಟು ಅವಳ ಮುಂದೆ ಅತ್ತಿತ್ತ ಅಡ್ಡಾಡುತ್ತಿದ್ದ. ಕೊನೆಗೆ ಕಿಟಕಿಯ ಬಳಿ, ಬೆಳಕು ಎಡಗೆನ್ನೆಗೆ ಬೀಳುವ ಹಾಗೆ, ಗದ್ದ ಎತ್ತಿ ನಿಂತುಬಿಡುತ್ತಿದ್ದ.

“ರೀ, ಬೆಳಕಿಗೆ ಅಡ್ಡ ನಿಂತಿದ್ದೀರಿ, ಸರೀರಿ ಆಚೆ,” ಎಂದಳು ಹೆಂಡತಿ.

“ಅಡ್ಡಕ್ಕಲ್ಲ ಕಣೇ ನಿಂತಿರೋದು, ಅನುಕೂಲಕ್ಕೆ.”

“ಯಾರ ಅನುಕೂಲಕ್ಕೆ?”

“ಕಲೆಯ ಅನುಕೂಲಕ್ಕೆ.”

ಪುಟ್ಟಿ ಕಾಗದವನ್ನು ಮೊಣಕೈಯಿಂದ ಮುಚ್ಚಿಕೊಂಡು, “ಅಪ್ಪಾ, ಹೋಗು ನೀನು. ನೀನು ಹತ್ತಿರ ಬಂದ್ರೆ ನಗು ಬರುತ್ತೆ, ಕೈ ಅಲ್ಲಾಡುತ್ತೆ. ಬಹುಮಾನದ ದಿವಸಾನೇ ತೋರಿಸೋದು,” ಎಂದಳು. ಹೊಸ ಅಂಗಿಯ ಠೀವಿಗೆ ಮಗು ಹಿಗ್ಗುತ್ತಿದೆ ಎಂದುಕೊಂಡು ಅಪ್ಪ ಸಂತೋಷದಿಂದ ಹೊರಟುಹೋದ.

ಆದರೆ ಬಹುಮಾನದ ದಿನದವರೆಗೆ ಕಾಯುವ ಕಷ್ಟವನ್ನು ದೇವರು ಅವನಿಗೆ ಕೊಡಲಿಲ್ಲ. ಇನ್ನೂ ದೊಡ್ಡ ಕಷ್ಟವನ್ನು ಕೊಟ್ಟ. ಚಿತ್ರಗಳಿಗೆಲ್ಲ ಕಟ್ಟು ಹಾಕುವ ಕೆಲಸವನ್ನು ಶಾಲೆಯವರು ಅವನಿಗೇ ವಹಿಸಿದರು.

ಚಿತ್ರಗಳ ಕಂತೆ ಅಂಗಡಿಗೆ ಬಂದ ದಿನ ಫ್ರೇಮಣ್ಣ ಕೈ ತೊಳೆದುಕೊಂಡು ಬಂದು ಕುಳಿತ. ಕದ್ದು ನೋಡುವುದು ತಪ್ಪಲ್ಲವೇ ಎಂದು ಮನಸ್ಸು ಒಂದು ಮಾತು ಕೇಳಿತು. ಕಟ್ಟು ಹಾಕುವವನು ಚಿತ್ರ ನೋಡಬಾರದು ಎಂದರೆ ಕ್ಷೌರಿಕ ತಲೆ ನೋಡಬಾರದು ಎಂದ ಹಾಗಲ್ಲವೇ ಎಂದು ಅವನು ತಿರುಗಿ ಕೇಳಿದ. ಮನಸ್ಸು ಬಾಯಿ ಮುಚ್ಚಿತು.

ಒಬ್ಬ ಹುಡುಗ ಅಜ್ಜಿಯ ಮಡಿಲನ್ನು ಬರೆದಿದ್ದ. ಒಬ್ಬಳು ಮರ ಹತ್ತಿ ಕುಳಿತ ತನ್ನ ಗೆಳತಿಯರ ಕಾಲುಗಳನ್ನು ಮಾತ್ರ ಬರೆದಿದ್ದಳು. “ಚೆನ್ನಾಗಿದೆ, ಪಾಪ, ಚೆನ್ನಾಗಿದೆ,” ಎಂದು ಫ್ರೇಮಣ್ಣ ಗೆದ್ದವನ ಔದಾರ್ಯದಲ್ಲಿ ಒಂದೊಂದನ್ನೇ ಮಗುಚಿದ. ನಡುವೆಲ್ಲೋ ಪುಟ್ಟಿಯ ಹೆಸರು ಬಂತು.

ಅವರದೇ ಬೀದಿ. ಅಮ್ಮ ಕಿಟಕಿಯಲ್ಲಿ ನಿಂತು ಕೈ ಬೀಸುತ್ತಿದ್ದಾಳೆ. ಮೆಟ್ಟಿಲ ಮೇಲೆ ಪುಟ್ಟಿ ಕುಳಿತಿದ್ದಾಳೆ. ಕೆನ್ನೆಯಲ್ಲಿ ಕಣ್ಣೀರಿನ ಗೆರೆ, ಆದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಪಕ್ಕದಲ್ಲಿ ಎದುರಂಗಡಿಯ ಕಂದು ನಾಯಿ. ನಾಯಿಗೆ ಒಂದೊಂದಾಗಿ ಕಣ್ಣಿನ ರೆಪ್ಪೆ ತೀಡಿದ್ದಾಳೆ! ಬಲಗಡೆ ಎಲ್ಲರಿಗಿಂತ ದೊಡ್ಡದಾಗಿ ಒಬ್ಬ ಗಂಡಸು. ಕಲೆ ಬಿದ್ದ ಬನಿಯನ್ನು, ಕೆದರಿದ ಕೂದಲು, ಕೊರಳಿಗೆ ಗುಂಡನೆಯದೊಂದು ಟೈರು. ಬಾಯಿ ಈ ಕಿವಿಯಿಂದ ಆ ಕಿವಿಯವರೆಗೆ ಹರಿದ ನಗು. ಹಾಳೆಯ ಯಾವ ಮೂಲೆಯಲ್ಲೂ ನೀಲಿ ಅಂಗಿಯ ಒಂದು ಎಳೆ ಇಲ್ಲ.

ಫ್ರೇಮಣ್ಣ ಹಾಳೆಯನ್ನು ಮಗುಚಿ ಹಿಂದೆ ನೋಡಿದ. ಹಿಂದೆಯೂ ಇರಲಿಲ್ಲ.

ಅಷ್ಟು ಹೊತ್ತಿಗೆ ಎದುರಂಗಡಿಯ ಸೈಕಲ್ ಮಾಮ ಇಕ್ಕಳ ಕೇಳಿಕೊಂಡು ಒಳಗೆ ಬಂದ. ಪಂಕ್ಚರ್ ಹಾಕುವುದು, ಗಾಳಿ ತುಂಬುವುದು, ಸರಪಳಿ ಕೂರಿಸುವುದು ಅವನ ಕೆಲಸ. ಅದರ ನಡುವೆ ದಿನವಿಡೀ ನಗುವುದು ಅವನ ಸ್ವಭಾವ. ಟ್ಯೂಬನ್ನೋ ಟೈರನ್ನೋ ಕೊರಳಿಗೆ ಹಾಕಿಕೊಂಡೇ ಬೀದಿ ದಾಟುವವನು. ಶಾಲೆ ಬಿಟ್ಟ ಮಕ್ಕಳೆಲ್ಲ ಗಾಳಿ ಇದ್ದ ಚಕ್ರಕ್ಕೂ ಗಾಳಿ ಬೇಕೆಂದು ಅವನ ಬಳಿಯೇ ಮುತ್ತುತ್ತಿದ್ದರು.

ಅವನು ಫ್ರೇಮಣ್ಣನ ಭುಜದ ಮೇಲಿಂದ ಬಗ್ಗಿ ನೋಡಿ, “ಅಯ್ಯೋ ದೇವರೇ! ಇದು ನಾನಲ್ವೇನೋ!” ಎಂದು ಕೂಗಿದ. “ನೋಡು, ಟೈರು! ನೋಡು, ನನ್ನ ನಾಯಿ! ಲೋ, ನನ್ನ ಬನಿಯನ್ನಿನ ಕಲೆ ಸಮೇತ ಬರೆದವಳೆ ಕಣೋ!”

“ಬೇರೆ ಯಾರೋ ಇರಬಹುದು,” ಎಂದ ಫ್ರೇಮಣ್ಣ.

“ಬೀದೀಲಿ ಇಷ್ಟು ಚೆನ್ನಾಗಿ ನಗೋನು ಇನ್ನೊಬ್ಬ ಯಾರಿದಾನೆ ಹೇಳು. ನೀನಾ?” ಎಂದು ಅವನು ಇಕ್ಕಳವನ್ನೂ ಮರೆತು ಹೊರಗೆ ಓಡಿದ. ಟೀ ಅಂಗಡಿಯ ಮುಂದೆ ಅವನ ದನಿ ಕೇಳಿಸಿತು: “ಫ್ರೇಮಣ್ಣನ ಮಗಳ ಮನಸ್ಸು ಹಗುರ ಆಗೋದು ಯಾರಿಂದ ಗೊತ್ತಾ? ಊಹೆ ಮಾಡ್ರಪ್ಪಾ!”

ಹೊಟ್ಟೆಕಿಚ್ಚು ಎಂಬುದೊಂದು ವಿಚಿತ್ರವಾದ ಬೆಂಕಿ. ಒಲೆ ಬೇಡ, ಸೌದೆ ಬೇಡ, ಊದುವವರೂ ಬೇಡ. ಹಚ್ಚಿದವನಿಗೆ ಗೊತ್ತೇ ಇರುವುದಿಲ್ಲ. ಉರಿಯುವವನು ಹೇಳಿಕೊಳ್ಳುವ ಹಾಗಿಲ್ಲ. ಹಿಂದಿನವರು ಈ ಬೆಂಕಿಗೆ ನೀರು ಹಾಕುವ ದಾರಿಯನ್ನು ಎಷ್ಟೋ ಬಗೆಯಲ್ಲಿ ಹೇಳಿಹೋಗಿದ್ದಾರೆ. ಅವರು ಯಾರೂ ರೆಪ್ಪೆ ತೀಡಿದ ನಾಯಿಯನ್ನು ನೋಡಿರಲಾರರು.

ಆ ದಿನ ಊಟಕ್ಕೆ ಕುಳಿತಾಗ ಫ್ರೇಮಣ್ಣ ಸುತ್ತಿ ಬಳಸಿ ಕೇಳಿದ. “ಪುಟ್ಟೀ, ಆ ಸೈಕಲ್ ಮಾಮ ಅಂದ್ರೆ ನಿನಗೆ ಹೇಗನ್ನಿಸುತ್ತೆ?”

“ತುಂಬ ಒಳ್ಳೆಯವರು.”

“ತುಂಬಾನಾ? ಸುಮ್ಮನೆ ಒಳ್ಳೆಯವನು ಅಂದ್ರೆ ಸಾಲದಾ?”

“ರೀ, ತಟ್ಟೆ ನೋಡಿಕೊಂಡು ಊಟ ಮಾಡಿ,” ಎಂದಳು ಹೆಂಡತಿ.

“ಅವನ ನಾಯಿ?”

“ನಾಯಿ ಅಂತೂ ಬಂಗಾರ!” ಎಂದಳು ಪುಟ್ಟಿ.

ಫ್ರೇಮಣ್ಣ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಹಸಿವಿಲ್ಲವೇ ಎಂದು ಹೆಂಡತಿ ಕೇಳಿದ್ದಕ್ಕೆ, ಈ ಮನೆಯಲ್ಲಿ ಹಸಿವೆಯನ್ನು ಕೇಳುವವರಾದರೂ ಇದ್ದಾರಲ್ಲ, ಅಷ್ಟು ಸಾಕು ಎಂದ. ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ಬಿಸಿ ಇದ್ದದ್ದು ಬೇರೆ ಕಡೆ.

ರೋಗಕ್ಕೆ ಮದ್ದನ್ನು ಅವನೇ ಕಂಡುಹಿಡಿದ. ಸೈಕಲ್ ಮಾಮನ ಬಂಡವಾಳವೇನು? ನಗು. ಅದನ್ನು ಕಲಿತರಾಯಿತು. ಮರುದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಗೋಡೆಯ ಕನ್ನಡಿಗಳ ಮುಂದೆ ನಿಂತು ಅಭ್ಯಾಸಕ್ಕೆ ತೊಡಗಿದ. “ಹ್ಹ. ಹ್ಹ. ಹ್ಹ.” ಕನ್ನಡಿಗಳಲ್ಲಿದ್ದ ಅಷ್ಟೂ ಫ್ರೇಮಣ್ಣಂದಿರು ಹಲ್ಲುನೋವು ಬಂದವರ ಹಾಗೆ ಕಂಡರು. ಬೇಕೆಂದು ನಗುವವನಿಗೆ ತಾನು ನಿಜವಾಗಿ ನಗುವಾಗ ಹೇಗಿರುತ್ತೇನೆ ಎಂಬುದು ಎಂದೂ ತಿಳಿಯುವುದಿಲ್ಲ. ಇನ್ನಷ್ಟು ಜೋರಾಗಿ, ದವಡೆಯನ್ನು ಕೈಯಿಂದಲೇ ಅಗಲಿಸಿ, “ಹ್ಹಾ! ಹ್ಹಾ! ಹ್ಹಾ!” ಎಂದ. ಕಣ್ಣಲ್ಲಿ ನೀರು ಬಂತು. ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಶಾಲೆಯಲ್ಲಿ ಮಕ್ಕಳ ಅಳಲು ಕೇಳುವುದಕ್ಕೆಂದೇ ಇದ್ದ ಟೀಚರ್ ಅವರು. ಮಕ್ಕಳು ಅವರನ್ನು ಮನಸ್ಸಿನ ಟೀಚರ್ ಎನ್ನುತ್ತಿದ್ದರು. ಸ್ಪರ್ಧೆಯೇ ಅವರ ಕೂಸು. ಕಟ್ಟುಗಳು ಎಲ್ಲಿಗೆ ಬಂದವೆಂದು ವಿಚಾರಿಸಲು ಬಂದವರು, ಕನ್ನಡಿಗಳ ನಡುವೆ ಒಬ್ಬನೇ ನಿಂತು ಕಣ್ಣೀರು ಸುರಿಸುತ್ತ ನಗುತ್ತಿದ್ದ ಮನುಷ್ಯನನ್ನು ನೋಡಿ, ಕೈಚೀಲವನ್ನು ಮೆಲ್ಲಗೆ ಕೆಳಗಿಟ್ಟರು.

“ಎಷ್ಟು ದಿನದಿಂದ ಹೀಗಿದೆ, ಸಾರ್?”

“ಏನಿಲ್ಲ ಟೀಚರ್, ಗಂಟಲು ಸರಿಮಾಡಿಕೊಳ್ತಿದ್ದೆ.”

“ನನ್ನ ಹತ್ತಿರ ಹೇಳಿಕೊಳ್ಳಬಹುದು ನೀವು. ನಾನು ತೀರ್ಪು ಕೊಡೋಳಲ್ಲ.”

ಅಷ್ಟು ಮೃದುವಾದ ದನಿಯನ್ನು ಫ್ರೇಮಣ್ಣ ಈಚೆಗೆ ಕೇಳಿರಲಿಲ್ಲ. ಒಡ್ಡು ಒಡೆಯಿತು, ಆದರೂ ಮರ್ಯಾದೆಗೆ ಒಂದು ಪರದೆ ಕಟ್ಟಿಕೊಂಡ. “ನನಗಲ್ಲ, ನನ್ನ ಸ್ನೇಹಿತ ಒಬ್ಬ ಇದಾನೆ. ಅವನಿಗೆ ತನ್ನವರ ಮಧ್ಯ ತನಗೆ ಜಾಗಾನೇ ಇಲ್ಲ ಅನ್ನಿಸ್ತಿದೆಯಂತೆ. ಎಲ್ಲರೂ ಇದ್ದಾರೆ, ಅವನೊಬ್ಬ ಇಲ್ಲ. ನಾಯಿಗಿಂತ ಕಡೆ ಆಗಿಬಿಟ್ಟಿದ್ದಾನಂತೆ.”

“ನಾಯಿಗಿಂತ?” ಟೀಚರ್ ಕಣ್ಣು ಮುಚ್ಚಿಕೊಂಡರು.

“ರೆಪ್ಪೆ ಇರೋ ನಾಯಿ,” ಎಂದ ಫ್ರೇಮಣ್ಣ. ಅಲ್ಲಿಗೆ ಟೀಚರಿಗೆ ಸಂಶಯವೇ ಉಳಿಯಲಿಲ್ಲ.

ಅವರು ಒಳ್ಳೆಯ ಹೆಂಗಸು. ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಅವನ ಹೆಂಡತಿಗೆ ಮಾತ್ರ, ಅದೂ ನೋಡಿಕೊಳ್ಳಲಿ ಎಂದು, ಹೇಳಿದರು. ಹೆಂಡತಿಯೂ ಯಾರಿಗೂ ಹೇಳಲಿಲ್ಲ. ತಮ್ಮನಿಗೆ ಮಾತ್ರ ಫೋನ್ ಮಾಡಿದಳು, ಅದೂ ಅಂಗಡಿಯ ಜಗಲಿಯಲ್ಲಿ ನಿಂತು. ಬೀದಿಯವರು ಕಿವಿಗೊಡಲಿಲ್ಲ, ಕೇಳಿಸಿದ್ದನ್ನು ಕೇಳಿಸಿಕೊಂಡರು, ಅಷ್ಟೇ.

ಮಾರನೆಯ ದಿನದಿಂದ ಫ್ರೇಮಣ್ಣನ ಮೇಲೆ ಪ್ರೀತಿ ಸುರಿಯತೊಡಗಿತು. ಹಾಲಿನವಳು ಚೊಂಬು ತುಂಬಿ ತುಳುಕುವ ಹಾಗೆ ಹಾಕಿ, “ಎಲ್ಲ ಸರಿಹೋಗುತ್ತೆ ಅಣ್ಣಾ,” ಎಂದಳು. ಏನು ಸರಿಹೋಗುತ್ತದೆಂದು ಅವನಿಗೆ ತಿಳಿಯಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವವರೆಲ್ಲ ಒಳಗೆ ಇಣುಕಿ, “ಇದ್ದೀರಾ?” ಎಂದು ಕೇಳಿ, ಇದ್ದಾನೆಂದು ಖಾತ್ರಿಯಾದ ಮೇಲೆ ಮುಂದೆ ಹೋಗುತ್ತಿದ್ದರು. ಗಾಜು ಕೊಯ್ಯಲು ಕೈಗೆ ಉಪಕರಣ ತೆಗೆದುಕೊಂಡರೆ ಸಾಕು, ಯಾರೋ ಒಬ್ಬರು ಓಡಿಬಂದು, “ಅದು ಆಮೇಲೆ ಮಾಡಿದರಾಯ್ತು, ಬನ್ನಿ, ಟೀ ಕುಡಿಯೋಣ,” ಎನ್ನುತ್ತಿದ್ದರು. ಭಾವಮೈದ ಹಣ್ಣಿನ ಚೀಲದೊಂದಿಗೆ, ಹಾಸಿಗೆಯ ಸುರುಳಿಯೊಂದಿಗೆ ಬಂದಿಳಿದ.

“ಭಾವ, ನಾನಿದೀನಿ,” ಎಂದ ಅವನು, ಇಳಿದ ಕೂಡಲೇ.

“ಅದು ಕಾಣ್ತಿದೆ. ಎಷ್ಟು ದಿನ ಇರ್ತೀಯ?”

“ನೀವು ನಗೋವರೆಗೂ ಹೋಗಲ್ಲ.”

ಅವನು ಹೋಗಲೆಂದು ಫ್ರೇಮಣ್ಣ ಕೂಡಲೇ ಒಂದು ನಗೆ ನಕ್ಕ. ಭಾವಮೈದ ಅಡುಗೆಮನೆಗೆ ಹೋಗಿ, “ಅಕ್ಕಾ, ಪರಿಸ್ಥಿತಿ ಕೈಮೀರಿದೆ,” ಎಂದು ಪಿಸುಗುಟ್ಟಿದ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಸೈಕಲ್ ಮಾಮನ ಕರುಣೆ. ಅವನು ಕೆಲಸ ಬಿಟ್ಟು ಬಂದು ಫ್ರೇಮಣ್ಣನ ಪಕ್ಕ ಬೆಂಚಿನ ಮೇಲೆ ಕುಳಿತು, ಎಣ್ಣೆಯ ಕೈಯನ್ನು ಹೆಗಲ ಮೇಲೆ ಇಡುತ್ತಿದ್ದ. ಆ ಹೆಗಲ ಮೇಲೆ ನೀಲಿ ಅಂಗಿ ಇರುತ್ತಿತ್ತು.

“ನೀನು ಒಂಟಿ ಅಲ್ಲ ಕಣೋ.”

“ಗೊತ್ತು. ಒಂದು ಗಳಿಗೆ ಒಂಟಿಯಾಗಿ ಬಿಟ್ಟರೆ ತಾನೆ!”

“ಸಿಟ್ಟು ಮಾಡ್ಕೋಬೇಡ. ನಿನ್ನ ಸಂಕಟ ನನಗೆ ಅರ್ಥ ಆಗಿದೆ. ಮಗಳು ನನ್ನ ಚಿತ್ರ ಬರೆದಿದಾಳೆ, ನಿನ್ನದಿಲ್ಲ. ಅಷ್ಟೇ ತಾನೆ? ಮುಂದಿನ ಸಲ ನಾನೇ ಅವಳಿಗೆ ಒಂದು ಮಾತು ಹೇಳ್ತೀನಿ ಬಿಡು. ‘ಪುಟ್ಟೀ, ಪಾಪ, ನಿಮ್ಮಪ್ಪನ್ನೂ ಒಂದು ಮೂಲೇಲಿ ಹಾಕು’ ಅಂತ. ನನ್ನ ಮಾತು ಅವಳು ತೆಗೆದುಹಾಕಲ್ಲ.”

ಸ್ವಂತ ಮಗಳ ಚಿತ್ರದೊಳಗೆ ಹೋಗಲು ಎದುರಂಗಡಿಯವನ ಶಿಫಾರಸು! ಅವನು ಎದ್ದು ಹೋದ ಮೇಲೆ ಫ್ರೇಮಣ್ಣ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡ.

ಚಿತ್ರಕ್ಕೂ ಮರದ ಪಟ್ಟಿಗೂ ನಡುವೆ ದಪ್ಪ ರಟ್ಟಿನದೊಂದು ಅಂಚು ಇರುತ್ತದೆ. ಕಸುಬಿನವರು ಅದಕ್ಕೆ ಮೌಂಟು ಎನ್ನುತ್ತಾರೆ. ರಟ್ಟಿನ ನಡುವೆ ಕಿಟಕಿ ಕೊಯ್ದು ಚಿತ್ರದ ಮೇಲಿಟ್ಟರೆ, ಕಿಟಕಿಯಲ್ಲಿ ಕಂಡಷ್ಟೇ ಚಿತ್ರ. ಉಳಿದದ್ದು ರಟ್ಟಿನ ಅಡಿಗೆ. ನಾಲ್ಕು ಕಡೆಯೂ ಅಂಚು ಸಮನಾಗಿರಬೇಕು ಎಂಬುದು ಕಸುಬಿನ ಧರ್ಮ. ಫ್ರೇಮಣ್ಣ ಗೋಡೆಯ ಮೇಲಿನ ದೇವರ ಪಟದ ಕಡೆ ತಿರುಗಿದ.

“ಭಗವಂತಾ, ನಾನು ಯಾರನ್ನೂ ಅಳಿಸ್ತಿಲ್ಲ, ಹರೀತಿಲ್ಲ. ಬಲಗಡೆಯ ಅಂಚು ಸ್ವಲ್ಪ ಅಗಲ ಮಾಡ್ತಿದ್ದೀನಿ, ಅಷ್ಟೇ. ಇದರಲ್ಲಿ ಪಾಪ ಇದ್ದರೆ ಈಗಲೇ ಹೇಳಿಬಿಡು.”

ಇಂಥ ಅರ್ಜಿಗಳಿಗೆ ಭಗವಂತ ನಿಂತ ನಿಲುವಿನಲ್ಲಿ ಉತ್ತರ ಕೊಡುವವನಲ್ಲ. ಆ ಮೌನವನ್ನು ಒಪ್ಪಿಗೆಯೆಂದು ತಿಳಿದು ಫ್ರೇಮಣ್ಣ ರಟ್ಟು ಕೊಯ್ದ. ಕಿಟಕಿ ಎಡಕ್ಕೆ ಸರಿಯಿತು. ಅಮ್ಮ ಉಳಿದಳು, ಪುಟ್ಟಿ ಉಳಿದಳು. ನಾಯಿಯನ್ನು ಬಾಲದ ಕಡೆಯಿಂದ ಸ್ವಲ್ಪ ಒತ್ತರಿಸಿದ. ರೆಪ್ಪೆಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಟೈರಿನವನು ಮಾತ್ರ, ನಗು ಸಮೇತ, ಬೂದು ಬಣ್ಣದ ರಟ್ಟಿನಡಿಗೆ ಹೋದ. ಗಾಜು ಕೂರಿಸಿ ಮೊಳೆ ಹೊಡೆದಾಗ ಫ್ರೇಮಣ್ಣನಿಗೆ ಹಸಿವಾಯಿತು.

ಬಹುಮಾನದ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಸೈಕಲ್ ಮಾಮ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಅಕ್ಕ ತಂಗಿಯರನ್ನೆಲ್ಲ ಕರೆತಂದಿದ್ದ. ಅವರಿಗೆ ತೋರಿಸಲೆಂದು ಪುಟ್ಟಿಯ ಚಿತ್ರದ ಮುಂದೆ ನಿಂತವನು, ಮೇಲೆ ನೋಡಿದ, ಕೆಳಗೆ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ.

“ಲೋ, ನಾನೆಲ್ಲೋ?”

“ಶ್! ಕಾರ್ಯಕ್ರಮ ಶುರುವಾಗ್ತಿದೆ,” ಎಂದ ಫ್ರೇಮಣ್ಣ.

ತೀರ್ಪುಗಾರರು ಗಡ್ಡದ ಚಿತ್ರಕಾರರೊಬ್ಬರು. ಚಿತ್ರಗಳ ಮುಂದೆಲ್ಲ ಹಾದುಬಂದವರು ಪುಟ್ಟಿಯ ಚಿತ್ರದ ಮುಂದೆ ಕಂಬವಾಗಿ ನಿಂತಿದ್ದರು. ಈಗ ಮೈಕು ಹಿಡಿದು ನಡುಗುವ ದನಿಯಲ್ಲಿ ಹೇಳಿದರು: “ಒಂದು ಕಡೆ ಮನೆ, ಅಮ್ಮ, ನಗು, ನಾಯಿ. ಇನ್ನೊಂದು ಕಡೆ? ಏನೂ ಇಲ್ಲ! ಬರೀ ಬೂದು ಬಯಲು! ಬಾರದೆ ಹೋದವನೊಬ್ಬನ ಜಾಗ ಅದು. ನನ್ನ ಇಡೀ ಜೀವಮಾನದಲ್ಲಿ ನಾನು ಖಾಲಿತನವನ್ನು ಇಷ್ಟು ಆಳವಾಗಿ ಬರೆಯಲಾರದೆ ಹೋದೆ. ಮೊದಲನೆಯ ಬಹುಮಾನ!”

ಚಪ್ಪಾಳೆ ಮುಗಿಲು ಮುಟ್ಟಿತು. ಫ್ರೇಮಣ್ಣನೂ ತಟ್ಟಿದ. ಹೊಟ್ಟೆಕಿಚ್ಚಿಗೂ ಬಹುಮಾನವಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ವೇದಿಕೆಗೆ ಹೋದ ಪುಟ್ಟಿ ಮಾತ್ರ ಬಹುಮಾನದ ಬಟ್ಟಲನ್ನು ಮುಟ್ಟಲಿಲ್ಲ. ತನ್ನ ಚಿತ್ರವನ್ನೇ ನೋಡುತ್ತಿದ್ದಳು. “ಅದು ಖಾಲಿ ಅಲ್ಲ ಸಾರ್. ಅಲ್ಲಿ ಒಬ್ಬರಿದ್ರು. ಅವರಿಲ್ಲದೆ ಈ ಚಿತ್ರಾನೇ ಇಲ್ಲ. ಯಾರೋ ಮುಚ್ಚಿಬಿಟ್ಟಿದ್ದಾರೆ.”

ಸಭೆಯಲ್ಲಿ ಗುಸುಗುಸು ಎದ್ದಿತು. ಸೈಕಲ್ ಮಾಮ ಎದ್ದುನಿಂತು ಎಲ್ಲ ದಿಕ್ಕಿಗೂ ಕೈಮುಗಿದ. ಹೆಡ್ ಮೇಡಂ ಕಟ್ಟುನಿಟ್ಟಿನವರು, “ಕಟ್ಟು ಹಾಕಿದವರು ಯಾರು? ಬನ್ನಿ, ಬಿಚ್ಚಿ ತೋರಿಸಿ,” ಎಂದರು.

ಗಲ್ಲಿಗೆ ಹೋಗುವವನೂ ಅಷ್ಟು ನಿಧಾನವಾಗಿ ಮೆಟ್ಟಿಲು ಹತ್ತಿರಲಾರ. ಫ್ರೇಮಣ್ಣ ಪಟವನ್ನು ಮಗುಚಿ, ಬೆನ್ನಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ರೂಢಿಯ ಪ್ರಕಾರ ತುಟಿಗಳ ನಡುವೆ ಇಟ್ಟುಕೊಂಡ. ರಟ್ಟು ಸರಿಯಿತು. ಗಂಡಸು ಕಾಣಿಸಿಕೊಂಡ: ಕೆದರಿದ ಕೂದಲು, ಕೊರಳಲ್ಲಿ ಆ ಗುಂಡನೆಯದು, ಕಿವಿ ಮುಟ್ಟುವ ನಗು.

“ನಾನೇ!” ಎಂದ ಸೈಕಲ್ ಮಾಮ, ಅಕ್ಕತಂಗಿಯರ ಕಡೆ ತಿರುಗಿ.

“ನೀವಲ್ಲ ಮಾಮಾ,” ಎಂದಳು ಪುಟ್ಟಿ. “ಅದು ನಮ್ಮಪ್ಪ.”

ಜನ ಚಿತ್ರವನ್ನು ನೋಡಿದರು. ಮೊಳೆ ಕಚ್ಚಿಕೊಂಡಿದ್ದ ಫ್ರೇಮಣ್ಣನನ್ನು ನೋಡಿದರು. ಯಾರಿಗೂ ಹೋಲಿಕೆ ಹತ್ತಲಿಲ್ಲ.

“ನಾನು ಈ ಸ್ಕೂಲಿಗೆ ಹೊಸದಾಗಿ ಬಂದಾಗ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ,” ಎಂದಳು ಪುಟ್ಟಿ. “ಒಂದಿನ ಅಳ್ತಾ ಅಂಗಡಿಗೆ ಹೋದೆ. ಅಪ್ಪ ಏನೂ ಕೇಳಲಿಲ್ಲ. ಒಂದು ಗುಂಡು ಫ್ರೇಮಿನೊಳಗೆ ತಲೆ ತೂರಿಸಿ, ‘ನಾನು ನಿಮ್ಮ ಮುತ್ತಜ್ಜನ ಪಟ, ಗೋಡೇಲಿ ನೇತಾಡಿ ನೇತಾಡಿ ಸೊಂಟ ಬಿದ್ದುಹೋಗಿದೆ, ಕೆಳಗಿಳಿಸು ಮಗಾ’ ಅಂದ್ರು. ಆಮೇಲೆ ತಲೆ ಹೊರಗೆ ಬರಲೇ ಇಲ್ಲ! ಅಮ್ಮ ಸೋಪು ಹಚ್ಚಿ ಎಳೆದರು. ನಾನು ನಕ್ಕೂ ನಕ್ಕೂ, ಅಪ್ಪಾನೂ ನಕ್ಕೂ ನಕ್ಕೂ... ಮಾರನೇ ದಿನ ಇದನ್ನ ಕ್ಲಾಸಲ್ಲಿ ಹೇಳಿದೆ. ಕೇಳಿದ ಒಬ್ಬಳು ಬಂದು ನನ್ನ ಪಕ್ಕ ಕೂತಳು. ಇವತ್ತಿಗೂ ಅಲ್ಲೇ ಕೂರ್ತಾಳೆ.”

ಫ್ರೇಮಣ್ಣನಿಗೆ ನೆನಪಾಯಿತು. ಕಿವಿ ಕಿತ್ತುಹೋಗುವಂತಾಗಿತ್ತು ಆ ದಿನ. ಅದನ್ನು ಅವನು ಅವಮಾನದ ಲೆಕ್ಕಕ್ಕೆ ಸೇರಿಸಿ ಮರೆತೇಬಿಟ್ಟಿದ್ದ.

ಪುಟ್ಟಿ ಅವನ ಕಡೆ ತಿರುಗಿದಳು. “ನಿನ್ನನ್ನ ನೀನೇ ಯಾಕೆ ಮುಚ್ಚಿದೆ ಅಪ್ಪಾ? ನನ್ನ ಜೊತೆ ಚಿತ್ರದಲ್ಲಿ ಇರೋಕೆ ನಿನಗೆ ನಾಚಿಕೇನಾ?”

ಅಷ್ಟರಲ್ಲಿ ಮನಸ್ಸಿನ ಟೀಚರ್ ಕಣ್ಣೊರೆಸಿಕೊಳ್ಳುತ್ತ ಎದ್ದರು. “ಇಲ್ಲ ಮಗೂ! ನಿಮ್ಮಪ್ಪನಿಗೆ ತನ್ನ ಬೆಲೆ ತನಗೇ ಗೊತ್ತಿಲ್ಲ. ತನ್ನವರ ಮಧ್ಯ ತನಗೆ ಜಾಗ ಇಲ್ಲ ಅಂದುಕೊಂಡು ತನ್ನನ್ನ ತಾನೇ ಅಳಿಸಿಕೊಂಡಿದ್ದಾರೆ!” ಸಭೆಯ ತುಂಬ ನಿಟ್ಟುಸಿರು. ಭಾವಮೈದ ಬಿಕ್ಕಿದ. ಹಾಲಿನವಳು, “ದೇವರಂಥ ಮನುಷ್ಯ,” ಎಂದಳು.

ಹೌದು ಎಂದು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಮಾನ ಉಳಿಯುತ್ತಿತ್ತು, ಬಹುಮಾನವೂ ಉಳಿಯುತ್ತಿತ್ತು, ಹಾಲಿನ ಚೊಂಬು ತುಂಬಿ ತುಳುಕುವುದೂ ಮುಂದುವರಿಯುತ್ತಿತ್ತು. ಆದರೆ ಮಗಳು ಕಾಯುತ್ತಿದ್ದಳು. ಅವಳ ಕಣ್ಣಲ್ಲಿ ಆ ಹಳೆಯ ದಿನದ ಅಳುವೇ ಮತ್ತೆ ಬಂದು ನಿಂತಿತ್ತು. ಫ್ರೇಮಣ್ಣ ಮೊಳೆಗಳನ್ನು ಅಂಗೈಗೆ ಉಗುಳಿದ.

“ಅಂಥಾದ್ದೇನಿಲ್ಲ ಟೀಚರ್. ಪುಟ್ಟೀ, ನನಗೆ ಹೊಟ್ಟೆಕಿಚ್ಚು. ಕೊರಳಲ್ಲಿರೋದು ಟೈರು, ಅದು ಸೈಕಲ್ಲಿನವನು ಅಂತ ತಿಳ್ಕೊಂಡೆ ಕಣಮ್ಮ. ಉರಿ ತಡೀಲಾರದೆ ಅವನನ್ನ ಮುಚ್ಚಿದೆ. ಮುಚ್ಚಿ ನೋಡಿದ್ರೆ ನಾನು!”

“ಟೈರು?” ಎಂದಳು ಪುಟ್ಟಿ. “ಫ್ರೇಮನ್ನ ಟೈರು ಅಂದ್ಕೊಂಡ್ಯಾ? ನೀನು? ಫ್ರೇಮಣ್ಣ?” ಅವಳಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಅದನ್ನು ನೋಡಿ ಫ್ರೇಮಣ್ಣನ ಬಾಯಿ ತಾನಾಗಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹರಿಯಿತು. ಆಗ ಯಾರೋ ಹಿಂದಿನಿಂದ ಕೂಗಿದರು: “ಅರೆ, ಹೌದಲ್ರೋ! ಅವನೇ!”

ಗಡ್ಡದ ಚಿತ್ರಕಾರರು ಮಾತ್ರ ಪೆಚ್ಚಾಗಿ ನಿಂತಿದ್ದರು. ಖಾಲಿತನವಿಲ್ಲದ ಮೇಲೆ ಇದು ಬರೀ ಒಳ್ಳೆಯ ಚಿತ್ರ ಎಂದು ಹೆಡ್ ಮೇಡಂ ಕಿವಿಯಲ್ಲಿ ಹೇಳಿದರು. ಮೊದಲನೆಯ ಬಹುಮಾನ ಗೆಳತಿಯರ ಕಾಲು ಬರೆದವಳಿಗೆ ಹೋಯಿತು, ಪುಟ್ಟಿಗೆ ಎರಡನೆಯದು.

“ನಿನ್ನಿಂದ ಮೊದಲನೇದು ಹೋಯ್ತಪ್ಪಾ,” ಎಂದಳು ಅವಳು ದಾರಿಯಲ್ಲಿ.

“ಬಂದಿದ್ದೂ ನನ್ನಿಂದಾನೇ ಅಲ್ವೇನಮ್ಮಾ,” ಎಂದ ಅವನು.

ಮನೆ ಸೇರಿ, ಭಾವಮೈದ ಹಾಸಿಗೆ ಸುತ್ತುವುದನ್ನು ಕಣ್ತುಂಬ ನೋಡಿ, ಫ್ರೇಮಣ್ಣ ಅಂಗಡಿ ತೆರೆದ. ಎದುರಂಗಡಿಯಲ್ಲಿ ಸದ್ದಿರಲಿಲ್ಲ. ಸೈಕಲ್ ಮಾಮ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಹಿಡಿದು, ಗುಳ್ಳೆ ಏಳುತ್ತಿದ್ದರೂ ನೋಡದೆ ಕುಳಿತಿದ್ದ. ಫ್ರೇಮಣ್ಣ ಬೀದಿ ದಾಟಿ ಹೋದರೂ ತಲೆ ಎತ್ತಲಿಲ್ಲ.

“ಬಾರೋ, ಟೀ ಕುಡಿಯೋಣ.”

“ಬೇಡ. ಹಸಿವಿಲ್ಲ.”

“ಟೀಗೆ ಹಸಿವು ಬೇಕೇನೋ?”

“ಅಕ್ಕತಂಗೀರನ್ನೆಲ್ಲ ಕರ್ಕೊಂಡು ಬಂದಿದ್ದೆ ಕಣೋ,” ಎಂದ ಸೈಕಲ್ ಮಾಮ. “ಹೋಗಲಿ ಬಿಡು. ನಾಯಿ ಆದ್ರೂ ಇದೆಯಲ್ಲ.”

ಆ ದನಿ ಫ್ರೇಮಣ್ಣನಿಗೆ ಚೆನ್ನಾಗಿ ಪರಿಚಯವಿತ್ತು. ಆ ಕಾಯಿಲೆಯ ಲಕ್ಷಣಗಳೆಲ್ಲ ಅವನಿಗೆ ಬಾಯಿಪಾಠ. ಅವನು ಮತ್ತೇನೂ ಹೇಳದೆ ಸೈಕಲ್ ಮಾಮನ ರಟ್ಟೆ ಹಿಡಿದು ಎಬ್ಬಿಸಿ, ಎಳೆದುಕೊಂಡು ಬಂದು ತನ್ನ ಬೆಂಚಿನ ಮೇಲೆ ಕೂರಿಸಿದ.

“ಪುಟ್ಟೀ, ಬಣ್ಣದ ಡಬ್ಬಿ ತಗೊಂಡು ಬಾ. ನಿನ್ನ ಚಿತ್ರದ ಎಡಗಡೆ ಜಾಗ ಇದೆಯಲ್ಲ, ಅಲ್ಲಿ ಮಾಮನ್ನ ಬರಿ.”

“ಬಹುಮಾನ ಬಂದಿರೋ ಚಿತ್ರ ಅಪ್ಪಾ!”

“ಎರಡನೇ ಬಹುಮಾನ ತಾನೆ? ಬರಿಯಮ್ಮ. ಅವನು ನಮ್ಮವನೇ.”

ಹೇಳಿದ ಆ ಮಾತಿನಿಂದ ಅವನ ಎದೆ ತಾನಾಗಿ ಹಗುರವಾಯಿತು. ದೊಡ್ಡ ಮನಸ್ಸು ಮಾಡುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಮಾಡಬಹುದಿತ್ತಲ್ಲ ಎಂದುಕೊಂಡ. ಪುಟ್ಟಿ ನಾಲಿಗೆಯ ತುದಿ ಕಚ್ಚಿಕೊಂಡು ಬರೆಯತೊಡಗಿದಳು. ಸೈಕಲ್ ಮಾಮ ಗದ್ದ ಎತ್ತಿ, ಬೆಳಕು ಕೆನ್ನೆಗೆ ಬೀಳುವ ಹಾಗೆ ಕುಳಿತ. ಹೊತ್ತು ಹೋಯಿತು. ಇನ್ನೂ ಸ್ವಲ್ಪ ಹೋಯಿತು. ಫ್ರೇಮಣ್ಣ ಮಗಳ ಭುಜದ ಮೇಲಿಂದ ಬಗ್ಗಿ ನೋಡಿದ.

“ಅವನು ಅಷ್ಟು ಎತ್ತರ ಇಲ್ಲ ಪುಟ್ಟೀ.”

“ಸುಮ್ಮನಿರಪ್ಪಾ.”

“ಕೂದಲೂ ಅಷ್ಟೊಂದಿಲ್ಲ. ಬೇಕಾದ್ರೆ ನೋಡು ಅವನ ತಲೆ.”

“ಅಪ್ಪಾ!”

ಫ್ರೇಮಣ್ಣ ಸುಮ್ಮನಾದ. ಸುಮ್ಮನೆ ಮೇಜಿನ ಕಡೆ ನಡೆದು, ಸುಮ್ಮನೆ ಒಂದು ಹೊಸ ರಟ್ಟು ಹರಡಿ, ಸುಮ್ಮನೆ ಅಳತೆಕೋಲು ಕೈಗೆತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದು ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

“ಕೊಡಿ ಇಲ್ಲಿ. ಈ ಸಲ ಅಂಚು ನಾನು ಅಳೀತೀನಿ.”